ಅಜ್ಜಿಯ ಬಾವುಟ ಯಾವ ಕಡೆ

ತ್ಸುನೆ ಅಜ್ಜಿ ಕಮೋಮೆ ತಂಡದ ಕಥೆಯನ್ನು ಎರಡು ಸಲ ಒಂದೇ ಥರ ಹೇಳಿದವಳಲ್ಲ. ಮನಸ್ಸು ಹಗುರವಾಗಿದ್ದ ದಿನ, ಮಿನಾಸೆಯ ನೂಲಿನ ಮಿಲ್ಲಿನ ಅಂಗಳದಲ್ಲಿ ಹುಟ್ಟಿದ ಆ ಫುಟ್‌ಬಾಲ್ ತಂಡ ಪಕ್ಕದ ಹಮಾನೆ ಊರಿಗೆ ಮದುವೆಯಾಗಿ ಹೋಯಿತು ಅನ್ನುತ್ತಿದ್ದಳು. ಮಂಡಿ ನೋಯುವ ದಿನ, ಅದು ಸತ್ತೇ ಹೋಯಿತು, ಆಮೇಲೆ ನಮ್ಮ ಮಿನಾಸೆಯ ನದಿದಂಡೆಯಲ್ಲಿ ಮತ್ತೆ ಹುಟ್ಟಿತು ಅನ್ನುತ್ತಿದ್ದಳು. ಮೊಮ್ಮಗಳು ಚಿಜುರು ಎರಡನ್ನೂ ನಂಬಿಕೊಂಡು ಬೆಳೆದಳು. ಅದರಿಂದ ಇಷ್ಟು ದಿನ ತೊಂದರೆಯೇನೂ ಆಗಿರಲಿಲ್ಲ.

ಮಿಲ್ಲಿನವರು ತಂಡವನ್ನು ಕೈಬಿಟ್ಟಾಗ ಹಮಾನೆಯ ಕ್ಲಬ್ಬು ಕಮೋಮೆಯನ್ನು ತನ್ನೊಳಗೆ ಸೇರಿಸಿಕೊಂಡು, ಅದರ ಗುರುತಾದ ಬಿಳಿ ಹಕ್ಕಿಯನ್ನು ಅಂಗಿಯ ಮೇಲೆ ಉಳಿಸಿಕೊಂಡಿತ್ತು. ಒಪ್ಪದ ಅಭಿಮಾನಿಗಳು ಮಿನಾಸೆಯಲ್ಲೇ ಬೇರೆ ಕ್ಲಬ್ಬು ಕಟ್ಟಿ, ಹಳೇ ನೀಲಿ ಬಣ್ಣ ಉಳಿಸಿಕೊಂಡು, ತೀರ ಕೆಳಗಿನ ಲೀಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದರು. ಈ ಭಾನುವಾರ ಮೊದಲ ಸಲ ಎರಡೂ ಎದುರುಬದುರು.

ಹಮಾನೆಯ ಈಗಿನ ಕೋಚ್ ಕುರಹಾಶಿ, ಹಳೇ ಕಮೋಮೆಯ ನಾಯಕ. ಹಳೇ ತಂಡದ ಎದುರು ಆಡಲು ಬಂದವರು, ಆಟ ಮುಗಿದ ಮೇಲೆ ಅದರ ಅಭಿಮಾನಿಗಳ ಮುಂದೆ ಹೋಗಿ ಬಾಗಿ ನಮಿಸುವುದು ಅಲ್ಲಿನ ರೂಢಿ. ಯಾರ ಮುಂದೆ ಬಾಗುತ್ತೀರಿ ಎಂದು ಪತ್ರಿಕೆಯವರು ಕೇಳಿದ್ದಕ್ಕೆ, "ತ್ಸುನೆ ಅಜ್ಜಿ ಹೊಲಿದ ಬಾವುಟ ಎಲ್ಲಿ ಕಟ್ಟಿರುತ್ತಾರೋ ಅಲ್ಲಿ" ಅಂದುಬಿಟ್ಟಿದ್ದ.

ನೀಲಿ ಬಟ್ಟೆಗೆ ಬಿಳಿ ಹಕ್ಕಿ ಹೊಲಿದ ಕಮೋಮೆಯ ಆ ಹಳೇ ಬಾವುಟವನ್ನು ಚೀಲದಲ್ಲಿಟ್ಟುಕೊಂಡು ಚಿಜುರು ಕ್ರೀಡಾಂಗಣದ ಹೊರಗೆ ಸುತ್ತುತ್ತಿದ್ದಳು. ಒಂದು ಬಾಗಿಲಲ್ಲಿ ಮಿನಾಸೆಯ ಡ್ರಮ್ಮು ಬಾರಿಸುವ ಮಕಿಯೊ ನಿಂತಿದ್ದ.

"ಏನಮ್ಮ, ದೇವರಿಗೆ ಪ್ರದಕ್ಷಿಣೆನಾ? ಕೊಡು ಇಲ್ಲಿ. ತಂಡ ಅಂದ್ರೆ ಊರು ಕಣೆ. ಊರು ಬಿಟ್ಟೋದ ಮೇಲೆ ಅದ್ಯಾವ ಸೀಮೆ ತಂಡ?"

ಹೌದಲ್ಲ ಅನ್ನಿಸಿತು. ಆದರೂ ಮುಂದೆ ನಡೆದಳು. ಇನ್ನೊಂದು ಬಾಗಿಲಲ್ಲಿ, ದೊಡ್ಡಪ್ಪನ ಮಗಳು, ಹಮಾನೆಗೆ ಮದುವೆಯಾಗಿ ಹೋದ ನಾಗಿಸ ನಿಂತಿದ್ದಳು.

"ಆ ಮಕಿಯೊ ಮಾತು ಕಟ್ಕೊಂಡ್ರೆ, ಊರು ಬಿಟ್ಟೋದ ನಾನೂ ನಮ್ಮನೆ ಮಗಳಲ್ಲ ಅಂತಾಯ್ತು. ಕುರಹಾಶಿ ನಮ್ ಕಡೆ, ಹಕ್ಕಿ ನಮ್ ಕಡೆ. ಇನ್ನೇನು ಯೋಚ್ನೆ ನಿಂದು?"

ಇದೂ ಹೌದಲ್ಲ ಅನ್ನಿಸಿತು.

ಬಾವುಟ ಕಟ್ಟುವ ಹೊತ್ತು ಮುಗಿದೇ ಹೋಯಿತು. ಚಿಜುರು ಮುಖ ಸಣ್ಣಗೆ ಮಾಡಿಕೊಂಡು, ಎರಡೂ ಕಡೆಗೆ ಸೇರದ ನಡುವಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಬಂದು ಕೂತಳು.

"ಅಜ್ಜಿ, ನೀನಾದ್ರೂ ಹೇಳು. ಮದುವೆನೋ, ಸಾವೋ?"

"ನಾನೇನು ಹೇಳ್ಲಿ. ಮದುವೆ ದಿನವೂ ಅತ್ತಿದ್ದೆ." ಅಜ್ಜಿ ಚೀಲಕ್ಕೆ ಕೈಹಾಕಿ ಬಾವುಟ ಎಳೆದು ಮಂಡಿಯ ಮೇಲೆ ಹೊದ್ದುಕೊಂಡಳು. "ಗಾಳಿ ನೋಡು, ಕೊರೀತದೆ."

ಆಟ ಸಮಸಮ ಮುಗಿಯಿತು. ಕುರಹಾಶಿ ಒಬ್ಬನೇ ಮೈದಾನಕ್ಕೆ ಇಳಿದ. ಈ ತುದಿ ನೋಡಿದ, ಆ ತುದಿ ನೋಡಿದ. ಬಾವುಟ ಎಲ್ಲೂ ಇಲ್ಲ. ಸಂತೆಯಲ್ಲಿ ಅಮ್ಮನ ಕೈ ಬಿಟ್ಟ ಮಗುವಿನ ಹಾಗೆ ನಿಂತುಬಿಟ್ಟ. ಡ್ರಮ್ಮುಗಳೂ ನಿಂತವು.

ಚಿಜುರು ಎದ್ದು ನಿಂತು ಬಾವುಟದ ಅಂಚು ಹಿಡಿದು ಎಳೆದಳು. ಅಜ್ಜಿ ಇನ್ನೊಂದು ಅಂಚು ಬಿಡಲಿಲ್ಲ.

"ಬಿಡಜ್ಜಿ, ಕುರಹಾಶಿಯವರಿಗೆ ಕಾಣಲಿ."

"ಕಂಡರೆ ಈ ಕಡೆ ಬರ್ತಾನೆ. ಈ ಕಡೆ ಅಂದ್ರೆ ಯಾವ ಕಡೆ, ಹೇಳು ನೋಡೋಣ?"

ಬಟ್ಟೆ ಇಬ್ಬರ ನಡುವೆ ಅರ್ಧ ಬಿಚ್ಚಿಕೊಂಡು, ಹಕ್ಕಿಯ ಒಂದೇ ರೆಕ್ಕೆ ಹೊರಗೆ ಬಂದಿತ್ತು. ಅಷ್ಟರಲ್ಲಿ ಕುರಹಾಶಿ ನಿಂತಲ್ಲೇ, ಮೈದಾನದ ನಟ್ಟನಡುವೆ, ಸೊಂಟ ಬಗ್ಗಿಸಿ ಬಾಗಿದ. ತುಂಬ ಹೊತ್ತು ಏಳಲಿಲ್ಲ.

ತಮ್ಮ ಕಡೆಗೇ ಬಾಗಿದ್ದು ಎಂದು ಎರಡೂ ತುದಿಯವರು ಚಪ್ಪಾಳೆ ತಟ್ಟಿದರು. ಅವನ ಮುಖ ಮಾತ್ರ ಹುಲ್ಲಿನ ಕಡೆಗಿತ್ತು.

"ಅಜ್ಜಿ, ಅವರಿಗೆ ರೆಕ್ಕೆ ಕಂಡಿತಾ?"

"ಯಾರಿಗೆ ಗೊತ್ತು," ಅಂದಳು ಅಜ್ಜಿ. "ಕೂತ್ಕೋ. ಮಂಡಿ ಬೆಚ್ಚಗಾಗ್ತಿತ್ತು, ಕೆಡಿಸಿಬಿಟ್ಟೆ."

ಚಿಜುರು ಕೂತು, ರೆಕ್ಕೆಯನ್ನು ಮೆಲ್ಲಗೆ ಒಳಗೆ ಮಡಿಸಿ, ಅಜ್ಜಿಯ ಮಂಡಿ ಮುಚ್ಚಿದಳು.