ನಲವತ್ತೊಂದನೆಯ ಹೆಸರು

ಯುದ್ಧದಲ್ಲಿ ಜನ ದಾಟುತ್ತಿದ್ದ ಸೇತುವೆ ಸಿಡಿದ ಮಾರನೆಯ ಬೆಳಿಗ್ಗೆ ಸ್ವೀಡನ್ನಿನ ಪತ್ರಕರ್ತ ಲಿಂಡಾಲ್, ಬದುಕುಳಿದವರ ನಡುವೆ ಕುಕ್ಕರುಗಾಲಲ್ಲಿ ಕೂತು ಸತ್ತವರ ಹೆಸರು ಕೇಳತೊಡಗಿದ. ಅವನ ದುಭಾಷಿ, ಅದೇ ಊರಿನ ಹುಡುಗಿ ಬುನ್ರೆಗೆ ಆಗ ಇಪ್ಪತ್ತು ವರ್ಷ. ಚಳಿಗೆ ತುಟಿ ಮರಗಟ್ಟಿತ್ತು.

"ಎಷ್ಟು ಜನ ಅಂತ ಬರೆದ್ರೆ ಸಾಲಲ್ವಾ ಸಾರ್?"

"ಎಷ್ಟು ಜನ ಅಂತ ಸೈನ್ಯದವ್ರೂ ಹೇಳ್ತಾರೆ. ಯಾರ್ಯಾರು ಅಂತ ಕೇಳು."

ನಲವತ್ತೊಂದು ಹೆಸರಾದವು. ಅವನ ಪತ್ರಿಕೆ ಅಚ್ಚು ಹಾಕಿದ್ದು ಬರೀ ಸಂಖ್ಯೆಯನ್ನು. ಕದನವಿರಾಮಕ್ಕೆ ಹದಿನೈದು ದಿನವಿರುವಾಗ ಅವನ ಜೀಪು ನೆಲಬಾಂಬಿಗೆ ಸಿಕ್ಕಿ ಅವನೂ ಸತ್ತ.

ಸಿಡಿಸಿದ್ದು ತಮ್ಮದೇ ಸೈನ್ಯವಾದ್ದರಿಂದ ಆಮೇಲೆ ನಾಲ್ಕು ದಶಕ ಆ ಸೇತುವೆಯ ಮಾತೆತ್ತಲು ಊರಿನವರು ಹೆದರಿದರು. ಕಾಲ ಬದಲಾಗಿ, ದಾಖಲೆ ತಂದರೆ ಸ್ಮಾರಕದ ಕಲ್ಲು ನಿಲ್ಲಿಸುತ್ತೇವೆಂದು ಸರ್ಕಾರ ಹೇಳಿದಾಗ ಬುನ್ರೆ ಲಿಂಡಾಲನ ತಂಗಿಗೆ ಕಾಗದ ಬರೆದಳು. ಅವನ ಟಿಪ್ಪಣಿ ಪುಸ್ತಕ ಅಂಚೆಯಲ್ಲಿ ಬಂತು. ಪರದೇಶಿ ಕಿವಿಗೆ ಕೇಳಿಸಿದಂತೆ ಬರೆದ ಹೆಸರುಗಳು. ಮೂರು ಚಳಿಗಾಲ ಅವಳು ಹಳ್ಳಿ ಹಳ್ಳಿ ತಿರುಗಿ ಅವನ್ನು ಗಟ್ಟಿಯಾಗಿ ಓದಿದಳು. "ಅಯ್ಯೋ, ನಮ್ಮ ಚಿಕ್ಕಮ್ಮ ಕಣೇ!" ಎಂದು ಒಬ್ಬೊಬ್ಬರೇ ಗುರುತು ಹಿಡಿದರು. ನಲವತ್ತು ಸಿಕ್ಕವು. ಉಳಿದದ್ದು 'ಕುನ್‌ನೋಮ್'.

ಕಚೇರಿಯ ಗುಮಾಸ್ತ ಮಾ ನಕ್ಕುಬಿಟ್ಟ. "ದೊಡ್ಡೋನು ಅನ್ನೋದೂ ಒಂದು ಹೆಸರಾ ಅಜ್ಜಿ? ಹಿರೇಮಗನ್ನ ಎಲ್ಲರೂ ಹಂಗೇ ಕರೀತಾರೆ. ಕಲ್ಲಿನ ಮೇಲೆ ಕೆತ್ತೋಕಾಗಲ್ಲ."

"ಆ ಮಗೂನ ಅಮ್ಮನ್ನ ಲಿಂಡಾಲ್ ಎರಡು ಸಲ ಕೇಳಿದ್ರು. ಎರಡು ಸಲಾನೂ ಅವಳು ಅದನ್ನೇ ಅಂದ್ಲು. ನಿಜವಾದ ಹೆಸರೇನಮ್ಮಾ ಅಂತ ನಾನು ಕೇಳ್ಬೇಕಿತ್ತು. ಚಳಿ ಅಂತ ಅವಸರ ಮಾಡ್ದೆ. ತಪ್ಪು ನನ್ದು, ಮಗೂದಲ್ಲ. ಕೆತ್ತಿಸು."

"ಕಾನೂನಿಲ್ಲ ಅಜ್ಜಿ."

"ಹಂಗಾದ್ರೆ ನಾಳೆ ಬರ್ತೀನಿ."

ನಾಳೆಯೂ ಬಂದಳು, ನಾಡಿದ್ದೂ ಬಂದಳು. ಬುತ್ತಿ ಕಟ್ಟಿಕೊಂಡು ಬಂದು ಬೆಂಚಿನ ಮೇಲೇ ಉಂಡಳು. ಬಂದುಹೋಗುವವರಿಗೆಲ್ಲ ಪುಸ್ತಕದ ಕೊನೆಯ ಹಾಳೆ ತೋರಿಸಿದಳು. ಹನ್ನೊಂದನೆಯ ದಿನ ಮಾ ಅವಳ ಮುಂದೆ ಬಾರ್ಲಿ ಚಹಾ ಇಟ್ಟ. "ಸಾಹೇಬ್ರ ಹತ್ರ ಜಗಳ ಆಡಿ ಸಹಿ ಹಾಕಿಸಿದೀನಿ. ಇನ್ನು ಮನೆಗೆ ಹೋಗಿ ಮಾರಾಯ್ತಿ!"

ವಸಂತದಲ್ಲಿ ಕಲ್ಲು ನಿಂತಿತು. ನಲವತ್ತೊಂದು ಹೆಸರನ್ನೂ ಬುನ್ರೆಯೇ ಓದಿದಳು. ಲಿಂಡಾಲನ ಹೆಸರನ್ನೂ ಕೆತ್ತಿಸೋಣವೆಂದು ಊರಿನವರು ಹಟ ಹಿಡಿದರು.

"ಬೇಡ. ಅವರಿದ್ದಿದ್ರೆ ಬೈತಿದ್ರು. ಇದು ನಮ್ಮೋರ ಕಲ್ಲು," ಎಂದಳು.

ಊರಿನವರು ಹಟ ಬಿಟ್ಟರು. ಆದರೆ ಸತ್ತವರಿಗೆಂದು ಅಕ್ಕಿಯ ಮದ್ಯ ಎರೆಯುವಾಗ ಕಲ್ಲಿನ ಪಕ್ಕದ ನೆಲಕ್ಕೂ ಒಂದು ಬಟ್ಟಲು ಎರೆದರು. ಅದಕ್ಕೆ ಬುನ್ರೆ ಅಡ್ಡಿ ಹೇಳಲಿಲ್ಲ.