ಬರೆಯದೆ ಬಿಟ್ಟ ಅರ್ಧ ಸ್ವರ

ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಮೂರು ವಾರವಾಗಿತ್ತು. ಕುವೈತಿನ ರಿಗ್ಗೈ ಬಡಾವಣೆಯ ಫ್ಲ್ಯಾಟಿನ ಬಾಗಿಲು ಬಡಿದ ಸದ್ದಿಗೆ ರುಡಾಲ್ಫ್ ತೆರೆದರೆ, ಒಬ್ಬ ಅಧಿಕಾರಿ, ಇಬ್ಬರು ಸಿಪಾಯಿಗಳು. ವೈರ್‌ಲೆಸ್ ಹುಡುಕುತ್ತ ಬಂದವರಿಗೆ ಕಪಾಟಿನಲ್ಲಿ ಸಿಕ್ಕಿದ್ದು ಒಂದು ಕಾಗದದ ಕಟ್ಟು. ಗೆರೆಗಳ ಮೇಲೆಲ್ಲ ವಜ್ರದಾಕಾರದ ಗುರುತುಗಳು.

“ಯಾರಿಗೆ ಕಳಿಸುವ ಗುಪ್ತಲಿಪಿ?”

“ಸಂಗೀತ, ಸಾಹೇಬರೇ,” ಎಂದ ರುಡಾಲ್ಫ್. ಶುಐಬಾ ಬಂದರಿನ ಆಫೀಸಿನಲ್ಲಿ ಕಲಿತ ಹರಕು ಅರಬ್ಬಿ ಅವನದು.

ನಿಜವೇ ಹೇಳಿದ್ದ. ಅವನು, ಹೆಂಡತಿ ಮೇಬಲ್, ಗೆಳೆಯರಾದ ಮೋರಿಸ್ ಮತ್ತು ನತಾಶಾ, ಹೀಗೆ ನಾಲ್ವರ ತಂಡ. ಯುರೋಪಿನ ಐನೂರು ವರ್ಷ ಹಳೆಯ ಹಾಡುಗಳನ್ನು ಆ ಕಾಲದ ಬರವಣಿಗೆಯಿಂದಲೇ ಓದಿ, ಪ್ರತಿ ಚಳಿಗಾಲ ಕುವೈತಿನ ಜನರಿಗೆ ಕೇಳಿಸುತ್ತಿದ್ದರು.

“ಸಂಗೀತದ ಪುಸ್ತಕ ನಾನೂ ನೋಡಿದ್ದೇನೆ. ಹೀಗಿರುವುದಿಲ್ಲ,” ಎಂದ ಅಧಿಕಾರಿ ಒಂದು ಹಾಳೆ ಎಳೆದು ರುಡಾಲ್ಫ್‌ನಿಗೂ ಪಕ್ಕದಲ್ಲಿದ್ದ ಮೇಬಲ್‌ಗೂ ತೋರಿಸಿದ. “ಇಬ್ಬರೂ ಬೇರೆ ಬೇರೆಯಾಗಿ ಓದಿ ಕೇಳಿಸಿ. ಒಂದೇ ರೀತಿ ಬರಬೇಕು.”

ಹಾಳೆ ನೋಡಿದೊಡನೆ ಯಾವ ಹಾಡೆಂದು ಮೇಬಲ್‌ಗೆ ಗೊತ್ತಾಯಿತು. ಅದರ ಕೊನೆಯ ಸಾಲಿಗಾಗಿ ಗಂಡಹೆಂಡಿರು ನಾಲ್ಕು ವರ್ಷ ಜಗಳವಾಡಿದ್ದರು. ಅಲ್ಲೊಂದು ಸ್ವರವನ್ನು ಅರ್ಧ ಏರಿಸಬೇಕು, ಹಿಂದಿನವರು ಅದನ್ನು ಬರೆಯದೆ ಹಾಡುವವರಿಗೇ ಬಿಡುತ್ತಿದ್ದರು ಎಂದು ರುಡಾಲ್ಫ್. ಬರೆದಂತೆಯೇ ಹಾಡಬೇಕು ಎಂದು ಅವಳು.

ರುಡಾಲ್ಫ್‌ನನ್ನು ಅಡುಗೆಮನೆಗೆ ತಳ್ಳಿ, ಏನೂ ಕೇಳಿಸದಂತೆ ನಲ್ಲಿ ಬಿಟ್ಟರು. ಮೇಬಲ್ ಹಾಡಿದಳು. ಗಂಡ ಏರಿಸಿಯೇ ನುಡಿಸುತ್ತಾನೆಂದು ಕೊನೆಯಲ್ಲಿ ತಾನೂ ಏರಿಸಿದಳು. ಆಮೇಲೆ ಅವಳನ್ನು ಹೊರಗೆ ಮೆಟ್ಟಿಲ ಬಳಿ ನಿಲ್ಲಿಸಿ ರುಡಾಲ್ಫ್‌ನ ಕೈಗೆ ಅವನ ಲ್ಯೂಟ್ ವಾದ್ಯ ಕೊಟ್ಟರು. ಮೇಬಲ್ ಬರೆದಂತೆಯೇ ಹಾಡಿರುತ್ತಾಳೆಂದು ಅವನು ಏರಿಸದೆ ನುಡಿಸಿದ.

ಅಧಿಕಾರಿ ಇಬ್ಬರನ್ನೂ ಎದುರು ನಿಲ್ಲಿಸಿದ. “ಕೊನೆಗೆ ಬೇರೆಯಾಯಿತು.”

ಒಬ್ಬ ಸಿಪಾಯಿಯ ಬಂದೂಕು ಮೇಲೆದ್ದಿತು.

“ಇವತ್ತು ಯಾಕೆ ಏರಿಸಿದೆ?” ರುಡಾಲ್ಫ್ ತಮ್ಮ ಮನೆಮಾತು ಕೊಂಕಣಿಯಲ್ಲಿ ಕಿರುಚಿದ.

“ನಿನಗೋಸ್ಕರ! ಸಾಯುವ ದಿನವೇ ನನ್ನ ಮಾತು ಕೇಳಬೇಕಿತ್ತಾ ನೀನು?” ಮೇಬಲ್ ಅಳುತ್ತ ಅವನ ಎದೆಗೆ ಗುದ್ದಿದಳು.

“ಏನೆನ್ನುತ್ತಾಳೆ?”

ರುಡಾಲ್ಫ್ ಹಳೆಯ ಜಗಳವನ್ನೆಲ್ಲ ಅರಬ್ಬಿಯಲ್ಲಿ ಹೇಳಿದ.  ಅಧಿಕಾರಿ ಹಾಳೆಯನ್ನು ಮೇಜಿನ ಮೇಲಿಟ್ಟ.

“ಖಲಾಸ್, ಸಾಕು. ಗೂಢಚಾರರು ಹೀಗೆ ಜಗಳವಾಡುವುದಿಲ್ಲ.”

ಹೋಗುವಾಗ ಅವರ ಕಾರಿನ ಕೀ ಕಿತ್ತುಕೊಂಡು ಹೋದ.

 ಆ ಗುರುವಾರ ಮೋರಿಸ್, ನತಾಶಾ ಸೇರಿ ನಾಲ್ವರೂ ಜೋರ್ಡನ್ನಿನ ಅಮ್ಮಾನಿಗೆ ಹೋಗುವ ಬಸ್ಸು ಹತ್ತಿದರು. ಗಡಿ ದಾಟಿದ ಮೇಲೆ ಮೇಬಲ್ ಆ ಕೊನೆಯ ಸಾಲನ್ನು ಬರೆದಂತೆಯೇ ಗುನುಗಿದಳು.