ಅಯ್ಯೋ ಅಂದರೆ ಇನ್ನೊಂದು ಕಲ್ಲು

ಗಿಡ್ಡಮ್ಮನ ಬಾಯಿಗೆ ಹೆದರದವರು ಆ ಎಸ್ಟೇಟಿನಲ್ಲಿ ಯಾರಿದ್ದರು ಹೇಳಿ? ರೈಟರ್ ಮಂಜಯ್ಯನವರೇ ಅವಳು ಎದುರು ಬಂದರೆ ಹಾಜರಿ ಪುಸ್ತಕದೊಳಗೆ ಮುಖ ಹುದುಗಿಸಿಕೊಳ್ಳುತ್ತಿದ್ದರು. ಹೆಸರಿಗೆ ಗಿಡ್ಡಮ್ಮ, ಎದ್ದು ನಿಂತರೆ ಆಳುಗಳ ಸಾಲುಮನೆ, ಆ ಲೈನಿನ ಸೂರು ತಲೆಗೆ ತಾಗುತ್ತಿತ್ತು. ಅಂಥವಳಿಗೂ ಒಂದು ಮಾತು ಕೇಳಿದರೆ ಮೈ ಉರಿಯುತ್ತಿತ್ತು. 'ಅಯ್ಯೋ' ಅನ್ನುವ ಮಾತು.

ಅದಕ್ಕೆ ಕಾರಣ ಇತ್ತು. ಮಲ್ಲಂದೂರಿನ ಸುತ್ತಿನ ಮೂರು ಎಸ್ಟೇಟಿನವರು ಸೇರಿ, ಹಣ್ಣು ಕೊಯ್ಲಿನ ಕೊನೆಯ ದಿನ ಹೆಣ್ಣಾಳುಗಳಿಗೆ ಬುಟ್ಟಿ ಓಟ ಇಡುತ್ತಿದ್ದರು. ಕಾಫಿ ಹಣ್ಣು ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಕೆಳಗಿನ ಹಳ್ಳದಿಂದ ಮೇಲೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯವರೆಗೆ ಓಡಬೇಕು. ಮೂರು ಫರ್ಲಾಂಗು, ಬರೀ ಏರು. ಬುಟ್ಟಿ ನೆಲಕ್ಕೆ ತಾಗಿದರೆ ಮುಗಿಯಿತು. ಗಿಡ್ಡಮ್ಮ ಹರೆಯದಲ್ಲಿ ಮೂರು ವರ್ಷ ಒಂದೇ ಸಮನೆ ಗೆದ್ದವಳು. ನಾಲ್ಕನೇ ವರ್ಷ ಹಲಸಿನ ಮರದ ತಿರುವಿನಲ್ಲಿ ತೊಡೆ ಹಿಡಿದುಕೊಂಡುಬಿಟ್ಟಿತು. "ಅಯ್ಯೋ ಅಮ್ಮಾ" ಎಂದು ಬುಟ್ಟಿ ಇಳಿಸಿ ಕೂತಳು. ನಿಂತು ನೋಡುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಆಮೇಲೆ ಪಕ್ಕದ ಎಸ್ಟೇಟಿನ ಹೆಂಗಸರ ಬಾಯಲ್ಲಿ ಅವಳ ಹೆಸರೇ 'ಅಯ್ಯೋ ಗಿಡ್ಡಿ' ಆಯಿತು. ಆ ನಗೆಯನ್ನು ಅವಳು ಹದಿನಾಲ್ಕು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಳು.

ಹೋದ ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ಎಸ್ಟೇಟಿನ ಧಣಿ ರುದ್ರಪ್ಪನವರು ಒಂದು ಮಾತು ಹೇಳಿಕಳಿಸಿದರು. ಈ ಸಲ ನಮ್ಮವಳು ಯಾರಾದರೂ ಗೆದ್ದರೆ ಅವಳಿಗೂ ಅವಳ ಮನೆಯ ಇನ್ನೊಬ್ಬರಿಗೂ ಸ್ಟೋರಿನಲ್ಲಿ ಬೀಜ ಆರಿಸುವ ಕೆಲಸ. ಸ್ಟೋರೆಂದರೆ ಸುಮ್ಮನೆಯೇ? ತಲೆಯ ಮೇಲೆ ಸೂರು, ಕೆಳಗೆ ಬೆಚ್ಚಗಿನ ಹಲಗೆ, ಕೂತು ಮಾಡುವ ಕೆಲಸ. ಈ ಸುದ್ದಿ ಕೇಳಿದ ಸಂಜೆಯೇ ಅಂಜನಮ್ಮ ಗಿಡ್ಡಮ್ಮನ ಬಾಗಿಲಿಗೆ ಬಂದಳು. ಹತ್ತೊಂಬತ್ತರ ಹುಡುಗಿ. ಅವಳ ತಾಯಿ ಹುಚ್ಚಮ್ಮನಿಗೆ ಎರಡು ವರ್ಷದಿಂದ ಕೆಮ್ಮು. ಇನ್ನೊಂದು ಮಳೆಗಾಲ ತೋಟದಲ್ಲಿ ನೆನೆದರೆ ಆಕೆ ಉಳಿಯುವುದಿಲ್ಲವೆಂದು ಲೈನಿಗೆಲ್ಲ ಗೊತ್ತಿತ್ತು.

"ಗಿಡ್ಡಕ್ಕ, ನನಗೆ ಓಡೋದು ಕಲಿಸು," ಎಂದಳು.

ಗಿಡ್ಡಮ್ಮ ಅವಳ ಕಾಲು ನೋಡಿದಳು, ಕತ್ತು ನೋಡಿದಳು. "ಕಲಿಸ್ತೀನಿ ಮಾರಾಯ್ತಿ. ಆದ್ರೆ ನಂದು ಒಂದೇ ಕಟ್ಟಳೆ. ಅಯ್ಯೋ ಅಂದ್ರೆ ಇನ್ನೊಂದು ಕಲ್ಲು."

ದೀಪಾವಳಿ ಕಳೆದ ಮಾರನೆಯ ದಿನದಿಂದಲೇ ಶುರು. ಕೆಲಸದ ಗಂಟೆ ಹೊಡೆಯುವುದಕ್ಕೆ ಮುಂಚೆ ಹಳೆಯ ಬುಟ್ಟಿಗೆ ಹಳ್ಳದ ಕಲ್ಲು ತುಂಬಿ ಹುಡುಗಿಯನ್ನು ಏರು ಹತ್ತಿಸುತ್ತಿದ್ದಳು. ಮಂಜು, ಚಳಿ, ಇಬ್ಬನಿಯಲ್ಲಿ ಜಾರುವ ದಾರಿ. ಮೊದಲ ವಾರ ಅಂಜನಮ್ಮ ನಾಲ್ಕು ಸಲ ಅಯ್ಯೋ ಅಂದಳು, ನಾಲ್ಕು ಕಲ್ಲು ಹೆಚ್ಚಿಗೆ ಹೊತ್ತಳು. ಎರಡನೇ ವಾರ ಒಂದೇ ಸಲ. ಆಮೇಲೆ ಆ ಮಾತೇ ಇಲ್ಲ. ಹುಡುಗಿ ಗಟ್ಟಿಯಾದಳು ಎಂದು ಗಿಡ್ಡಮ್ಮ ಬೀಗಿದಳು. ಗಟ್ಟಿಯಾಗಿ ಮುಚ್ಚಿಕೊಂಡದ್ದು ಬರೀ ಬಾಯಿ, ಅದು ಅವಳಿಗೆ ಹೊಳೆಯಲಿಲ್ಲ.

ಪ್ರೀತಿ ಇರಲಿಲ್ಲ ಅಂತ ಮಾತ್ರ ಯಾರೂ ಹೇಳಬಾರದು. ತನ್ನ ಕೋಳಿಯ ಮೊಟ್ಟೆಯನ್ನು ತಾನು ತಿನ್ನದೆ ಅವಳಿಗೆ ತಿನ್ನಿಸುತ್ತಿದ್ದಳು. ದಿನಾ ಸಂಜೆ ಒಲೆಯ ಮುಂದೆ ಕೂರಿಸಿ, ಹರಳೆಣ್ಣೆ ಬಿಸಿ ಮಾಡಿ ಎರಡೂ ಕಾಲು ತಿಕ್ಕುತ್ತಿದ್ದಳು. ಲೈನಿನಲ್ಲಿ ಯಾರಿಗೆ ಉಳುಕಿದರೂ ಗಿಡ್ಡಮ್ಮನ ಕೈಯೇ ಬೇಕು. ಎಲ್ಲಿ ಏನಾಗಿದೆಯೆಂದು ಆ ಕೈಗೆ ಮುಟ್ಟಿದ ಕೂಡಲೇ ಗೊತ್ತಾಗುತ್ತಿತ್ತು.

ಓಟಕ್ಕೆ ಹತ್ತು ದಿನ ಇದೆ ಅನ್ನುವಾಗ ಅಂಜನಮ್ಮನ ಎಡಗಾಲು ತಿಕ್ಕುತ್ತಿದ್ದ ಆ ಕೈ ನಿಂತಿತು. ಮೊಣಕಾಲಿನ ಕೆಳಗೆ, ಮೂಳೆಯ ಮೇಲೆಯೇ, ಅಡಿಕೆಯಷ್ಟು ಊತ. ಬೆಚ್ಚಗಿತ್ತು. ಗಿಡ್ಡಮ್ಮ ತಲೆ ಎತ್ತಿದರೆ ಅಂಜನಮ್ಮ ಅವಳನ್ನೇ ನೋಡುತ್ತಿದ್ದಾಳೆ. ಏನೋ ಕೇಳುತ್ತಾಳೆಂದು ಕಾಯುವ ಹಾಗೆ. "ನೋವಾ?" ಅಂತ ಕೇಳಲು ಎಷ್ಟು ಹೊತ್ತು ಬೇಕು? ಕೇಳಿದರೆ ಹೌದು ಅನ್ನುತ್ತಾಳೆ, ಹೌದು ಅಂದರೆ ನಿಲ್ಲಿಸಬೇಕು, ನಿಲ್ಲಿಸಿದರೆ ಮತ್ತೆ ಒಂದು ವರ್ಷ ಆ ಹೆಂಗಸರ ನಗೆ. ಗಿಡ್ಡಮ್ಮ ಕಣ್ಣು ತಪ್ಪಿಸಿ ಇನ್ನೊಂದು ಕಾಲನ್ನು ಎತ್ತಿಕೊಂಡಳು.

"ಇನ್ನು ಹತ್ತೇ ದಿನ," ಎಂದಳು.

ಊತ ದಿನದಿಂದ ದಿನಕ್ಕೆ ಹೆಚ್ಚಾಯಿತು. ಒಂದು ಬೆಳಿಗ್ಗೆ ಹುಚ್ಚಮ್ಮ ಕೆಮ್ಮುತ್ತಲೇ ಬಂದು, "ಎದ್ದಾಗ ಕಾಲು ಊರೋಕೇ ಆಗ್ತಿಲ್ಲ ಅವಳಿಗೆ. ನೀನಾದ್ರೂ ಹೇಳೇ ಗಿಡ್ಡಿ, ಸಾಕು ಅಂತ. ನಿನ್ನ ಮಾತಾದ್ರೆ ಕೇಳ್ತಾಳೆ," ಎಂದಳು.

"ಅವಳು ಓಡ್ತಿರೋದು ಯಾರ ಸಲುವಾಗಿ? ನಿನ್ನ ಸಲುವಾಗೇ ತಾನೇ? ಸುಮ್ಮನಿರು ನೀನು."

ಹುಚ್ಚಮ್ಮ ಕೆಮ್ಮುತ್ತಲೇ ವಾಪಸು ಹೋದಳು. ಎಂಥ ಮಾತಾಡಿದೆ ಎಂದು ಗಿಡ್ಡಮ್ಮನಿಗೆ ಆಗಲೇ ಅನ್ನಿಸಿತ್ತು. ಆದರೂ ಕೂಗಿ ಕರೆಯಲಿಲ್ಲ.

ಓಟದ ದಿನ ಅಂಜನಮ್ಮ ಹೇಗೆ ಓಡಿದಳು ಅಂತೀರಿ! ಅರ್ಧ ಏರು ಮುಗಿಯುವಷ್ಟರಲ್ಲಿ ಉಳಿದವರು ಹಿಂದೆಲ್ಲೋ ಬಿದ್ದಿದ್ದರು. ರುದ್ರಪ್ಪನವರು ಕುರ್ಚಿಯಿಂದ ಎದ್ದು ನಿಂತರು. ಮಂಜಯ್ಯನವರು ರುಮಾಲು ಬೀಸಿದರು. ಹಲಸಿನ ಮರದ ತಿರುವಿನಲ್ಲಿ ಗಿಡ್ಡಮ್ಮ ಕಾದು ನಿಂತಿದ್ದಳು. ಹುಡುಗಿ ಎದುರಿಗೆ ಬಂದಳು, ಎಡಗಾಲು ಊರಿದಳು. ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಕಾಲು ಮಡಚಿಕೊಂಡು ಕುಸಿದಳು. ಬಲ ಮೊಣಕಾಲ ಮೇಲೆ ನಿಂತಳೇ ಹೊರತು ಬುಟ್ಟಿ ಬಿಡಲಿಲ್ಲ. ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದೇ ಇದ್ದಳು. ಒಂದು ಹಣ್ಣೂ ಚೆಲ್ಲಲಿಲ್ಲ. ಬಾಯಿಂದ ಒಂದು ಸದ್ದೂ ಬರಲಿಲ್ಲ.

"ಇಳಿಸೇ! ಬುಟ್ಟಿ ಇಳಿಸೇ!" ಎಂದು ಗಿಡ್ಡಮ್ಮ ಕಿರುಚಿದಳು. ಇಳಿಸಲಿಲ್ಲ. ಪಕ್ಕದ ಎಸ್ಟೇಟಿನವರು ಒಬ್ಬೊಬ್ಬರೇ ದಾಟಿ ಹೋದರು. ಕೊನೆಗೆ ಗಿಡ್ಡಮ್ಮನೇ ಅವಳ ಬೆರಳುಗಳನ್ನು ಬಿಡಿಸಿ ಬುಟ್ಟಿ ಕೆಳಗಿಟ್ಟಳು.

ಕೊಟ್ಟಿಗೆಹಾರದ ಕಡೆಯಿಂದ ಮೂಳೆ ಕಟ್ಟುವವನನ್ನು ಕರೆಸಿದರು. ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಮೂರು ತಿಂಗಳಿಗೆ ಬಿಚ್ಚಿ ನೋಡಿದರೆ ಮೂಳೆ ಕೂಡಿತ್ತು, ಸೊಟ್ಟಗೆ ಕೂಡಿತ್ತು. ಕೋಲಿಲ್ಲದೆ ನಡೆಯುವ ಹಾಗಿರಲಿಲ್ಲ. ರುದ್ರಪ್ಪನವರಿಗೆ ಪಾಪ ಅನ್ನಿಸಿತು. ತಾಯಿ ಮಗಳಿಬ್ಬರಿಗೂ ಸ್ಟೋರಿನಲ್ಲಿ ಜಾಗ ಕೊಟ್ಟರು. "ಅಂತೂ ಸಿಕ್ತಲ್ಲ, ಪುಣ್ಯವಂತೆ," ಎಂದು ಜನ ಆಡಿಕೊಂಡರು. ಈ ಮಾತು ಕಿವಿಗೆ ಬಿದ್ದರೆ ಗಿಡ್ಡಮ್ಮ ಅಲ್ಲಿಂದ ಎದ್ದು ಹೋಗುತ್ತಿದ್ದಳು. ತಾನು ಮೊದಲೇ ಹೋಗಿ ಆ ಕೆಲಸ ಕೇಳಿದ್ದರೆ ಧಣಿ ಕೊಡುತ್ತಿದ್ದರೋ ಏನೋ! ಯಾರಿಗೂ ಹೆದರದ ಬಾಯಿ ಅದೊಂದನ್ನು ಕೇಳಲಿಲ್ಲ. ತನಗೆ ಬೇಕಾದದ್ದು ಹುಚ್ಚಮ್ಮನ ಜೀವವಲ್ಲ, ಓಟ. ಹೀಗೆ ತನಗೆ ತಾನೇ ಹೇಳಿಕೊಂಡು ಉರಿಯುತ್ತಿದ್ದಳು.

ಮಳೆ ಹಿಡಿಯಿತು. ಆ ಮಳೆಗಾಲ ಹುಚ್ಚಮ್ಮನ ಕೆಮ್ಮು ಕಮ್ಮಿಯಾಯಿತು. ಗಿಡ್ಡಮ್ಮ ಮಾತ್ರ ದಿನಾ ಸಂಜೆ ಕಂಬಳಿ ಕೊಪ್ಪೆ ಹೊದ್ದು, ಎಣ್ಣೆಯ ಬಟ್ಟಲು ಹಿಡಿದು ಅವರ ಮನೆಗೆ ಹೋಗುತ್ತಿದ್ದಳು. ಅಂಜನಮ್ಮ ಕಾಲು ಚಾಚುತ್ತಿದ್ದಳು, ಇವಳು ತಿಕ್ಕುತ್ತಿದ್ದಳು. ಹುಡುಗಿಯ ಬಾಯಿಂದ ಒಂದು ದಿನವೂ ಬೈಗುಳ ಬರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಒಂದು ಸಂಜೆ ಗಿಡ್ಡಮ್ಮನೇ ತಡೆಯಲಾರದೆ ಕೇಳಿದಳು. "ಅಷ್ಟು ನೋವಿತ್ತಲ್ಲೇ. ಯಾಕೆ ಹೇಳ್ಲಿಲ್ಲ? ಒಂದು ಕಲ್ಲಿಗೆ ಹೆದರಿಕೊಂಡ್ಯಾ?"

"ಕಲ್ಲಿಗಲ್ಲ ಗಿಡ್ಡಕ್ಕ," ಎಂದಳು ಅಂಜನಮ್ಮ. "ಅವತ್ತು ನಿನ್ನ ಕೈ ನಿಂತ್ಕೊಳ್ತಲ್ಲ, ನೆನಪಿದ್ಯಾ? ಅಕ್ಕನ ಕೈಗೆ ಸಿಕ್ತು ಅಂತ ನಂಗೆ ಗೊತ್ತಾಯ್ತು. ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಾದೆ. ನೀನು ಏನೂ ಹೇಳ್ಲಿಲ್ಲ. ಹಾಗಾದ್ರೆ ಏನೂ ಇಲ್ಲ ಅಂದ್ಕೊಂಡೆ. ಇದ್ದಿದ್ರೆ ಗಿಡ್ಡಕ್ಕ ನನ್ನ ಓಡಿಸ್ತಿದ್ಲಾ ಅಂದ್ಕೊಂಡೆ. ನಂಗೆ ಆಗ ಧೈರ್ಯ ಬಂತು."

ಹೇಳಿದ್ದರಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಅಷ್ಟೆ. ಗಿಡ್ಡಮ್ಮ ಬಟ್ಟಲಿಗೆ ಬೆರಳದ್ದಿ ಮತ್ತೆ ತಿಕ್ಕತೊಡಗಿದಳು. ಮೂಳೆ ಸೊಟ್ಟಗೆ ಕೂಡಿದ ಜಾಗಕ್ಕೆ ಹೆಬ್ಬೆರಳು ಬಂದಾಗ ಅಂಜನಮ್ಮನ ಕಾಲ್ಬೆರಳುಗಳು ಬಿಗಿದುಕೊಂಡವು. ಕೈ ಚಾಪೆಯನ್ನು ಕಿತ್ತು ಬರುವ ಹಾಗೆ ಹಿಡಿದಿತ್ತು. ಮುಖದಲ್ಲಿ ಮಾತ್ರ ಏನೂ ಇಲ್ಲ.

"ನೋವಾ?" ಎಂದು ಗಿಡ್ಡಮ್ಮ ಕೇಳಿದಳು. ಹಾಗೆ ಅವಳು ಆ ಹುಡುಗಿಯನ್ನು ಕೇಳಿದ್ದು ಅದೇ ಮೊದಲು.

ಅಂಜನಮ್ಮ ತಲೆ ಅಲ್ಲಾಡಿಸಿದಳು. ಇಲ್ಲ ಅಂತ.

"ಸುಳ್ಳು ಹೇಳ್ಬೇಡ ಕಣೇ. ನೋವಾದ್ರೆ ಅನ್ನೇ. ಒಂದ್ಸಲ ಅಯ್ಯೋ ಅನ್ನು. ನಿನ್ನ ಕಾಲು ಹಿಡ್ಕೊಂಡು ಕೇಳ್ತೀನಿ."

ಹುಡುಗಿ ಪ್ರಯತ್ನಪಟ್ಟಳು. ಬಾಯಿ ತೆರೆದಳು, ಗಂಟಲು ಅಲುಗಿತು. ಆಮೇಲೆ ನಾಚಿಕೆಯಾದವಳ ಹಾಗೆ ಸಣ್ಣಗೆ ನಕ್ಕಳು.

"ಬರಲ್ಲ ಗಿಡ್ಡಕ್ಕ," ಎಂದಳು.

ಗಿಡ್ಡಮ್ಮ ಆ ಕಾಲಿನ ಮೇಲೆ ಹಣೆಯಿಟ್ಟು, "ಅಯ್ಯೋ ಅಮ್ಮಾ, ಅಯ್ಯೋ" ಎಂದು ಗೋಳಾಡಿದಳು. ಮಳೆಯ ಸದ್ದಿನಲ್ಲೂ ಲೈನಿನ ಆಚೆ ತುದಿಯವರೆಗೆ ಕೇಳಿಸಿತು. ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ನಿಂತರು. ಈ ಸಲ ಯಾರೂ ನಗಲಿಲ್ಲ.